ಕೈಬಿಟ್ಟವರ ಪಟ್ಟಿ

ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಪರದೆಯ ಮೇಲೆ ಆ ಸಾಲು ಮೂಡಿದಾಗ ಅವನು ಮೊದಲು ಮಾಡಿದ ಕೆಲಸ ಹಿಂದಿರುಗಿ ಬಾಗಿಲು ನೋಡಿದ್ದು. ಬಾಗಿಲು ಮುಚ್ಚಿತ್ತು. ಆಮೇಲೆ ಸಾಲನ್ನು ಮತ್ತೊಮ್ಮೆ ಓದಿದ. ಈಚೆದಡ ಏಳು, ಆಚೆದಡ ನಲವತ್ತು, ಹಂಚಿಕೆ ಅರ್ಧ, ಸಂಬಂಧ ತಾಯಿ ಮತ್ತು ಮಗ. ಯಂತ್ರಕ್ಕೆ ನಾಚಿಕೆ ಎಂಬುದಿಲ್ಲ. ತೊಂಬತ್ತೆರಡು ಜನರ ಎಂಜಲನ್ನು ಒಬ್ಬರದಕ್ಕೊಬ್ಬರದು ಹೋಲಿಸಿ ನೋಡಿ, ಯಾರೂ ಕೇಳದಿದ್ದರೂ ಬಾಯಿಬಡುಕಿಯ ಹಾಗೆ ಹೇಳಿಬಿಟ್ಟಿತ್ತು. ಈಚೆದಡದ ಏಳನೆಯವನೆಂದರೆ ಅವನೇ. ಆಚೆದಡದ ನಲವತ್ತನೆಯವಳು ಅವನನ್ನು ಹೆತ್ತವಳು. ಅವನು ಈಚೆದಡದವನೆಂಬುದು ಸುಳ್ಳೆಂದು ಈ ಕಟ್ಟಡದಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಅವಳು ಅವನ ತಾಯಿಯೆಂಬುದು ಗೊತ್ತಿದ್ದವರು ಇಡೀ ಊರಿನಲ್ಲಿ ಇಬ್ಬರೇ. ಈಗ ಯಂತ್ರವೂ ಸೇರಿ ಮೂವರಾದರು.

ಕೆಲಸವೇನೋ ಸರಳವಾದದ್ದು. ನಡುವೆ ಒಂದು ಹೊಳೆ, ಎರಡು ದಡ, ಎರಡು ಭಾಷೆ. ಈಚೆಯವರ ಮಾತು ಆಚೆಯವರಿಗೆ ಅರ್ಥವಾಗುವುದಿಲ್ಲ. ಆಚೆಯವರ ಮಾತು ಕೇಳಿದರೆ ಈಚೆಯವರಿಗೆ ನಗು ಬರುತ್ತದೆ. ಮಾತು ಬೇರೆಯಾದವರ ರಕ್ತವೂ ಬೇರೆಯೇ, ಬೇರೆಯಾದರೆ ಎಷ್ಟು ಬೇರೆ ಎಂದು ತಿಳಿಯುವುದಕ್ಕೆ ಈ ಪ್ರಯೋಗಾಲಯ ಎರಡು ವರ್ಷದಿಂದ ಎರಡೂ ದಡದ ಮುದುಕ ಮುದುಕಿಯರ ಬಾಯಿ ತೆರೆಸಿ, ತುದಿಗೆ ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಗನ್ನು ಉಜ್ಜಿ ತರುತ್ತಿತ್ತು. ಅಪ್ಪನ ಕಡೆಯ ಅಜ್ಜ ಅಜ್ಜಿ, ಅಮ್ಮನ ಕಡೆಯ ಅಜ್ಜ ಅಜ್ಜಿ, ನಾಲ್ವರೂ ಒಂದೇ ಭಾಷೆಯವರಾಗಿದ್ದರೆ ಮಾತ್ರ ಪಟ್ಟಿಯಲ್ಲಿ ಜಾಗ. ಸೀಸೆಗೆ ಚೀಟಿ ಅಂಟಿಸುವುದು, ಫ್ರೀಜರ್ ಕಾಯುವುದು, ಬಂದ ಅಂಕಿಗಳನ್ನು ಮೊದಲು ಸೋಸಿ ನಿರ್ದೇಶಕಿಯ ಮೇಜಿಗೆ ಕಳಿಸುವುದು ಅವನ ಪಾಲಿನ ಕೆಲಸ. ಸೋಸುವುದಕ್ಕೂ ಒಂದು ಪದ್ಧತಿಯಿದೆ. ಒಂದೇ ಮನೆಯ ಇಬ್ಬರು ಸಿಕ್ಕಿಬಿದ್ದರೆ ಒಂದೇ ರಕ್ತವನ್ನು ಎರಡು ಸಲ ಎಣಿಸಿದಂತಾಗುತ್ತದೆ, ಆದ್ದರಿಂದ ಒಬ್ಬರನ್ನು ಇಟ್ಟುಕೊಂಡು ಒಬ್ಬರನ್ನು ಕೈಬಿಡಬೇಕು. ಯಾರ ಮಾದರಿ ಮಸುಕಾಗಿದೆಯೋ ಅವರು ಹೋಗಬೇಕು. ಹೋದವರ ಸಂಖ್ಯೆಯನ್ನೂ ಕಾರಣವನ್ನೂ ಕೈಬಿಟ್ಟವರ ಪಟ್ಟಿಯಲ್ಲಿ ಬರೆಯಬೇಕು.

ಏಳನೆಯ ಮಾದರಿ ಎರಡು ವರ್ಷ ಹಳೆಯದು. ಎರಡು ಸಲ ವಿದ್ಯುತ್ ಹೋಗಿ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಹೊಸ ಯಂತ್ರ ಸರಿಯಾಗಿ ಓದುತ್ತದೆಯೋ ಇಲ್ಲವೋ ನೋಡುವುದಕ್ಕೆ ಮೊದಲು ಸಿಬ್ಬಂದಿಯದೇ ಎಂಜಲು ತೆಗೆದಿದ್ದರು. ನಿರ್ದೇಶಕಿ ಅವನ ಫಾರಂ ತುಂಬುತ್ತ, ತಲೆಯೆತ್ತದೆ, "ನೀವು ಈಚೆಯೋರೇ ತಾನೇ?" ಎಂದಿದ್ದರು. ಪ್ರಶ್ನೆಯ ಕೊನೆಗೆ ಆ 'ತಾನೇ' ಇಲ್ಲದಿದ್ದರೆ ಅವನು ನಿಜ ಹೇಳುತ್ತಿದ್ದನೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದ, ಹೇಳುತ್ತಿರಲಿಲ್ಲವೆಂದು ಗೊತ್ತಿದ್ದೂ. ನಾಲ್ವರು ಅಜ್ಜ ಅಜ್ಜಿಯರನ್ನೂ ಒಂದೇ ಸಹಿಯಲ್ಲಿ ಹೊಳೆ ದಾಟಿಸಿದ್ದ. ನಲವತ್ತನೆಯ ಮಾದರಿಯಾದರೋ ಆರು ವಾರದ ಹಿಂದಿನದು, ನೂರಕ್ಕೆ ತೊಂಬತ್ತೊಂಬತ್ತು ಪಾಲು ಸ್ವಚ್ಛ. ಪದ್ಧತಿಯ ಪ್ರಕಾರ ಹೋಗಬೇಕಾದವನು ಅವನು. ಹೋದರೆ ನಷ್ಟವೂ ಇರಲಿಲ್ಲ: ಈಚೆದಡದಲ್ಲಿ ಐವತ್ತೆರಡು ಜನ ಇದ್ದರು, ಒಬ್ಬ ಕಡಿಮೆಯಾದರೆ ಅಳುವವರಿಲ್ಲ. ಏಳರ ಮುಂದೆ 'ಮಾದರಿ ಕೆಟ್ಟಿದೆ' ಎಂದು ಎರಡು ಮಾತು ಬರೆದಿದ್ದರೆ ಅದು ನಿಜವೂ ಆಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಲೂ ಇರಲಿಲ್ಲ.

ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತುವ ಮೊದಲು ಒಮ್ಮೆ ನಕ್ಷೆ ನೋಡೋಣವೆನಿಸಿತು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ಈಚೆಯವರಿಗೆ ನೀಲಿ, ಆಚೆಯವರಿಗೆ ಕೆಂಪು. ರಕ್ತ ಹತ್ತಿರವಾದಷ್ಟೂ ಚುಕ್ಕೆಗಳು ಹತ್ತಿರ. ಎರಡು ವರ್ಷ ಈ ಚಿತ್ರದ ಕಲ್ಪನೆಯೇ ಅವನ ನಿದ್ದೆ ಕೆಡಿಸಿತ್ತು. ಕೆಂಪು ಚುಕ್ಕೆಗಳ ನಡುವೆ ಒಂದೇ ಒಂದು ನೀಲಿ ಚುಕ್ಕೆ, ಎಲ್ಲರೂ ಬೆರಳು ತೋರಿಸಿ ನಗುತ್ತಿರುವಂತೆ. ಈಗ ನೋಡಿದರೆ ನೀಲಿಯೂ ಕೆಂಪೂ ಎಳ್ಳು ಸಾಸಿವೆ ಚೆಲ್ಲಿದ ಹಾಗೆ ಬೆರೆತುಹೋಗಿದ್ದವು. ಹೊಳೆಯಂಚಿನ ಹಳ್ಳಿಗಳವರು, ಯಾವ ಭಾಷೆಯವರೇ ಇರಲಿ, ಒಂದು ಗುಂಪು. ಹೊಳೆಯಿಂದ ದೂರ, ಮೇಲಿನ ಗುಡ್ಡಗಳವರು, ಅವರೂ ಎರಡೂ ಭಾಷೆಯವರು, ಇನ್ನೊಂದು ಗುಂಪು. ರಕ್ತ ಭಾಷೆಯ ಮಾತು ಕೇಳಿರಲಿಲ್ಲ. ಒಂದು ದಿನದಲ್ಲಿ ನಡೆದು, ಇಲ್ಲವೆ ದೋಣಿ ಹತ್ತಿ, ಎಷ್ಟು ದೂರ ಹೋಗಿ ಹೆಣ್ಣು ತರಬಹುದೋ ಅಷ್ಟು ದೂರದ ಮಾತು ಕೇಳಿತ್ತು. ಬಂದ ಹೆಣ್ಣು ಗಂಡನ ಮನೆಯ ಭಾಷೆ ಕಲಿತು, ಮಕ್ಕಳಿಗೂ ಅದನ್ನೇ ಕಲಿಸಿ, ತನ್ನದನ್ನು ನುಂಗಿಕೊಂಡು ಸತ್ತಿದ್ದಳು. ನೂರಾರು ವರ್ಷ ಹೀಗೇ ನಡೆದಿತ್ತು. ಏಳನೆಯ ನೀಲಿ ಚುಕ್ಕೆ ಐವತ್ತು ಚುಕ್ಕೆಗಳ ನಡುವೆ ನೆಮ್ಮದಿಯಾಗಿ ಕುಳಿತಿತ್ತು. ಒರಗಿಕೊಂಡಂತೆ ಅದರ ಪಕ್ಕದಲ್ಲೇ ಒಂದು ಕೆಂಪು ಚುಕ್ಕೆ.

ಅವನಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಹಾಗಾದರೆ ಹನ್ನೊಂದನೆಯ ವಯಸ್ಸಿನಿಂದ ಪಟ್ಟ ಪಾಡೆಲ್ಲ ಯಾವುದಕ್ಕೆ? ಹಾಸ್ಟೆಲಿನ ಉದ್ದನೆಯ ಕೋಣೆಯಲ್ಲಿ ಹುಡುಗರು ಅವನನ್ನು ಮಂಚದ ಮೇಲೆ ನಿಲ್ಲಿಸಿ, "ದೋಣೀ, ನಿಮ್ ಭಾಷೇಲಿ ಬಕೆಟ್ಟಿಗೆ ಏನಂತಾರೋ? ಸೊಳ್ಳೆಗೆ ಏನಂತಾರೋ?" ಎಂದು ಕೇಳುತ್ತಿದ್ದರು. ದೋಣಿ ಎಂಬುದು ಆಚೆದಡದಿಂದ ಬಂದವರಿಗೆಲ್ಲ ಇಟ್ಟ ಹೆಸರು. ಅವನು ಹೇಳುತ್ತಿದ್ದ. ಅವರು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು. ಅವನೂ ನಗುತ್ತಿದ್ದ, ಮೊದಮೊದಲು ಅಳು ಮುಚ್ಚಿಕೊಳ್ಳಲು, ಆಮೇಲೆ ನಿಜವಾಗಿಯೇ. ಎರಡು ವರ್ಷದಲ್ಲಿ ನಾಲಗೆ ತಿದ್ದಿಕೊಂಡ. ಮೂರನೆಯ ವರ್ಷ ಹೊಸದಾಗಿ ಬಂದ ಇನ್ನೊಬ್ಬ ದೋಣಿಯನ್ನು ಮಂಚ ಹತ್ತಿಸಿ ಮೊದಲ ಪ್ರಶ್ನೆ ಕೇಳಿದವನು ಅವನೇ. ತಾಯಿ ಗಂಟು ಹೊತ್ತು ನೋಡಲು ಬಂದಾಗ ಗೇಟಿನ ಆಚೆಗೇ ತಡೆದು, "ಮೆಲ್ಲಗೆ. ಯಾರಾದ್ರೂ ಕೇಳಿಸ್ಕೊಂಡಾರು" ಎಂದಿದ್ದ. ಆಕೆ ಅಂದಿನಿಂದ ಗೇಟಿನಲ್ಲಿ ತಲೆಯಾಡಿಸುವುದನ್ನಷ್ಟೇ ಮಾಡಿದಳು. ಯಾವ ದಡದಲ್ಲಿ ಹುಟ್ಟಿದರೂ ಮನುಷ್ಯನಿಗೆ ತನ್ನದೇ ಈಚೆದಡ. ಅವನೊಬ್ಬನಿಗೆ ಹುಟ್ಟಿದ ದಡವೇ ಆಚೆಯದಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ದಾಟಿದವನ ಕಾಲು ಮಾತ್ರ ಕೊನೆಯವರೆಗೂ ಒದ್ದೆಯಾಗಿಯೇ ಇರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಮದುವೆಯಾಗಲಿಲ್ಲ. ಮದುವೆಯಾದರೆ ಬೀಗರು ಬರುತ್ತಾರೆ, ಬೀಗರು ಬಂದರೆ ಅಮ್ಮ ಬಾಯಿ ಬಿಡುತ್ತಾಳೆ. ಮೂರು ವರ್ಷದ ಹಿಂದೆ ಆಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಬೇರೆ ದಾರಿಯಿಲ್ಲದೆ ತನ್ನ ಎರಡು ಕೋಣೆಯ ಮನೆಗೆ ಕರೆತಂದ. ಮೆಟ್ಟಿಲು ಹತ್ತುವ ಮೊದಲೇ ನಿಯಮ ಹೇಳಿಕೊಟ್ಟ. ಅಕ್ಕಪಕ್ಕದವರ ಹತ್ತಿರ ಮಾತಿಲ್ಲ. ಎದುರು ಮನೆಯಾಕೆಗೆ, "ಮುದುಕಿಗೆ ಕಿವಿ ಕೇಳಲ್ಲ" ಎಂದು ಹೇಳಿಟ್ಟ; ಮುದುಕಿ ತನಗೇನಾಗಬೇಕೆಂದು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಅಮ್ಮ ಮಾತಾಡಬೇಕೆನಿಸಿದಾಗ ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ತನ್ನ ಭಾಷೆಯಲ್ಲಿ ಎರಡು ಮಾತಾಡುತ್ತಿದ್ದಳು. ನೀರು ಪೋಲಾಗುತ್ತದೆಂದು ಅವನು ಗೊಣಗುತ್ತಿದ್ದ.

ಆರು ವಾರದ ಹಿಂದೆ ಅವನಿಗೆ ಜ್ವರ. ಫ್ರೀಜರಿನ ಬೀಗದ ಕೈ ಅವನ ಹತ್ತಿರವೇ ಉಳಿದಿತ್ತು. ಅದನ್ನು ಒಯ್ಯುವುದಕ್ಕೆ ನಿರ್ದೇಶಕಿ ತಾವೇ ಬಂದರು, ಬರುವ ಮುಂಚೆ ಫೋನ್ ಮಾಡಿದ್ದರು, ಅವನು ನಿದ್ದೆಯಲ್ಲಿದ್ದ. ಬಾಗಿಲು ತೆರೆದು ಕೂರಿಸಿ ಬೀಗದ ಕೈ ಹುಡುಕುತ್ತಿದ್ದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಮನೆಯಲ್ಲಿ ಮಗನೊಬ್ಬನೇ ಇದ್ದಾನೆಂದು ತಿಳಿದ ಅಮ್ಮ ಹಾಲನ್ನೂ ಒಲೆಯನ್ನೂ ತನ್ನ ಮರೆವನ್ನೂ ಸೇರಿಸಿ, ಆಚೆದಡದ ಭಾಷೆಯಲ್ಲಿ, ಬಾಯ್ತುಂಬ ಬೈದಳು. ನಿರ್ದೇಶಕಿ ಎದ್ದು ನಿಂತುಬಿಟ್ಟರು.

"ಯಾರ್ರೀ ಅದು? ಅಪ್ಪಟ ಹೊಳೆಯಂಚಿನ ಆಚೆದಡದ ಮಾತು! ಎರಡು ತಿಂಗಳಿಂದ ನಲವತ್ತನೆಯವರು ಸಿಗದೆ ನಾನು ಹಳ್ಳಿ ಹಳ್ಳಿ ಅಲೀತಾ ಇದೀನಿ, ನೀವು ಮನೇಲಿ ಇಟ್ಕೊಂಡಿದೀರಲ್ಲ! ಯಾರು ಆಕೆ?"

ಈ ಪ್ರಶ್ನೆಯ ಕೊನೆಗೆ 'ತಾನೇ' ಇರಲಿಲ್ಲ. ಯಾರು ಆಕೆ ಎಂದಷ್ಟೇ ಕೇಳಿದ್ದರು. ಜ್ವರದ ನೆಪವನ್ನೂ ಅವನು ಹೇಳುವಂತಿರಲಿಲ್ಲ, ಆ ಹೊತ್ತಿಗೆ ಮೈ ತಣ್ಣಗಾಗಿತ್ತು. "ಮನೆಗೆಲಸಕ್ಕೆ ಇದಾಳೆ ಮೇಡಂ" ಎಂದ. ಅಷ್ಟು ಸಲೀಸಾಗಿ ಬಂತು ಮಾತು, ಮೂವತ್ತೈದು ವರ್ಷ ನಾಲಗೆಯ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದವನ ಹಾಗೆ. ಅಮ್ಮನಿಗೆ ಈಚೆಯ ಭಾಷೆ ಬರುವುದಿಲ್ಲ ಎಂಬ ಧೈರ್ಯವೂ ಅದರಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ಆಕೆ ಬಂದು ನಿಂತಿದ್ದಳು, ಕೈಯಲ್ಲಿ ಮಸಿಬಟ್ಟೆ. ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಈಚೆದಡದ ಭಾಷೆಯಲ್ಲಿ, ಒಂದಕ್ಷರ ತಪ್ಪಿಲ್ಲದೆ, "ಅಮ್ಮಾವ್ರಿಗೆ ಚಹಾ ಇಡ್ಲಾ ಯಜಮಾನ್ರೇ?" ಎಂದಳು.

ಫಾರಂ ತುಂಬಿದವನು ಅವನೇ. ನಿರ್ದೇಶಕಿ ಕೇಳುತ್ತ ಹೋದರು, ಅವನು ಬರೆಯುತ್ತ ಹೋದ. ನಾಲ್ವರು ಅಜ್ಜ ಅಜ್ಜಿಯರ ಹೆಸರು ಬಂದವು. ಅವರಲ್ಲಿ ಇಬ್ಬರ ತೊಡೆಯ ಮೇಲೆ ತಾನು ಆಡಿದ್ದು ಅವನಿಗೆ ನೆನಪಿತ್ತು. ಕಾಗುಣಿತ ಗೊತ್ತಿಲ್ಲದವನಂತೆ ಒಂದೊಂದು ಹೆಸರನ್ನೂ ಎರಡೆರಡು ಸಲ ಹೇಳಿಸಿಕೊಂಡ. "ಮಕ್ಕಳು?" ಎಂದರು ನಿರ್ದೇಶಕಿ. ಅಮ್ಮ ನೆಲದ ಮೇಲೆ ಕೂತಿದ್ದಳು. ಮುರಿದ ಸೊಂಟದ ಕಡೆಗೆ ಕೈಯೂರಿಕೊಂಡು, "ಒಬ್ಬ ಇದ್ದ ಅಮ್ಮಾ. ತೀರ್ಕೊಂಡ" ಎಂದಳು. "ಅಯ್ಯೋ ಪಾಪ, ಎಷ್ಟು ವಯಸ್ಸಿಗೆ?" "ಹನ್ನೊಂದಕ್ಕೆ." ಅವನು ಬರೆದ: ಒಬ್ಬ ಮಗ, ಮೃತ, ವಯಸ್ಸು ಹನ್ನೊಂದು. ಅಕ್ಷರ ದುಂಡಗೆ ಬಂತು, ನಿರ್ದೇಶಕಿ ಯಾವಾಗಲೂ ಹೊಗಳುವ ಅಕ್ಷರ.

ಅವರು ಹೋದ ಮೇಲೆ ಬೈಗುಳಕ್ಕೆ ಕಾದ. ಅಮ್ಮ ಅಳಬಹುದು, ಹೊಡೆಯಬಹುದು, ಗಂಟು ಕಟ್ಟಬಹುದು. ಯಾವುದಾದರೂ ಒಂದು ಆಗಿದ್ದರೆ ಕಾಲಿಗೆ ಬೀಳುತ್ತಿದ್ದೆ ಎಂದುಕೊಂಡ, ಬೀಳುವುದಕ್ಕೆ ಅವೆಲ್ಲ ಆಗಲೇಬೇಕಾಗಿರಲಿಲ್ಲ ಎಂಬುದು ಹೊಳೆಯಲಿಲ್ಲ. ಆಕೆ ಚಹಾದ ಲೋಟ ತೊಳೆದಿಟ್ಟಳು. "ನಿಂಗೆ ಈ ಭಾಷೆ ಯಾವಾಗ ಬಂತು?" ಎಂದು ಕೇಳಿದ. "ಕಿವುಡಿಗೆ ಕೇಳಿಸ್ಕೊಳೋದು ಬಿಟ್ಟು ಬೇರೆ ಏನು ಕೆಲಸ ಇರುತ್ತೆ ಯಜಮಾನ್ರೇ" ಎಂದಳು, ಅದೇ ಭಾಷೆಯಲ್ಲಿ, ಕುಹಕವೇನೂ ಇಲ್ಲದೆ. ಅಂದಿನಿಂದ ಅವಳ ಬಾಯಲ್ಲಿ ಆಚೆದಡದ ಒಂದು ಮಾತೂ ಬರಲಿಲ್ಲ. ಅವನು ಉಂಡೆದ್ದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಉಂಡಳು. ಅವನು ಬಂದರೆ ಏಳುತ್ತಿದ್ದಳು. ಮಗಾ ಎನ್ನುವುದು ಹೋಗಿ ನೀವು, ತಾವು ಬಂತು. ಮೊದಲ ವಾರ ಅವನು ಅರ್ಧ ಉಂಡು ಎದ್ದುಬಿಡುತ್ತಿದ್ದ. ಎರಡನೆಯ ವಾರ ಅಭ್ಯಾಸವಾಯಿತು. ಮೂರನೆಯ ವಾರ, ಸುಳ್ಳೇಕೆ, ಅನುಕೂಲವೇ ಆಯಿತು. ನಲ್ಲಿಯ ನೀರೂ ಉಳಿಯಿತು. ಎದುರು ಮನೆಯಾಕೆ ಮುದುಕಿಗೆ ಕಿವಿಯೂ ಕೇಳುತ್ತದೆ ಮಾತೂ ಬರುತ್ತದೆ ಎಂದು ತಿಳಿದು, "ನಮ್ಮನೆ ಪಾತ್ರೇನೂ ತಿಕ್ಕಿಕೊಡ್ತೀಯಾ?" ಎಂದು ಕೇಳಿದಳಂತೆ. ಅಮ್ಮ ಒಪ್ಪಿಕೊಂಡಳು. ಅವನು ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೆ ಯಾವ ಸಂಬಂಧದ ಮೇಲೆ ಎನ್ನುವುದು?

ಬೆರಳು ಇನ್ನೂ ಗುಂಡಿಯ ಮೇಲಿತ್ತು. ಏಳು, ಇಲ್ಲವೆ ನಲವತ್ತು. ತನ್ನದನ್ನು ತೆಗೆದುಹಾಕುವುದೇ ಸರಿ, ಸುಲಭ, ಕ್ಷೇಮ, ಎಲ್ಲವೂ. ಆದರೆ ಐವತ್ತೆರಡು ನೀಲಿ ಚುಕ್ಕೆಗಳಲ್ಲಿ ತನ್ನದೂ ಒಂದಾಗಿ ಅಚ್ಚಾಗುತ್ತದೆ, ಯಾವ ಊರಿನ ಯಾವ ಗ್ರಂಥಾಲಯದಲ್ಲಿ ಯಾರು ತೆರೆದು ನೋಡಿದರೂ ತಾನು ಈಚೆದಡದವನಾಗಿಯೇ ಇರುತ್ತೇನೆ ಎನ್ನುವುದನ್ನು ನೆನೆದರೆ ಎದೆಯಲ್ಲಿ ಏನೋ ಬೆಚ್ಚಗಾಗುತ್ತಿತ್ತು. ಮೂವತ್ತೈದು ವರ್ಷ ದುಡಿದು ಸಂಪಾದಿಸಿದ ಚುಕ್ಕೆ ಅದು. ಅದನ್ನು ತನ್ನ ಕೈಯಾರೆ ಅಳಿಸಲಾರ. ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುವ ಮುದುಕಿಗೆ ಚುಕ್ಕೆ ಇದ್ದರೇನು, ಹೋದರೇನು? ನಲವತ್ತನ್ನು ಒತ್ತಿದ. ಕಾರಣದ ಜಾಗದಲ್ಲಿ 'ಮಾದರಿ ಕೆಟ್ಟಿದೆ' ಎಂದು ಬರೆದ. ನಕ್ಷೆಯಲ್ಲಿ ಕೆಂಪು ಚುಕ್ಕೆ ಸದ್ದಿಲ್ಲದೆ ಹೋಯಿತು. ನೀಲಿ ಚುಕ್ಕೆ ಒರಗಿಕೊಳ್ಳಲು ಯಾರೂ ಇಲ್ಲದೆ ಅಲ್ಲೇ ಉಳಿಯಿತು.

ಹನ್ನೊಂದು ಗಂಟೆಗೆ ನಿರ್ದೇಶಕಿ ಬಂದು ಅವನ ಕುರ್ಚಿಯ ಬೆನ್ನು ಹಿಡಿದು ನಿಂತು ನಕ್ಷೆ ನೋಡಿದರು. ಆಮೇಲೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

"ನೋಡ್ರೀ, ನೋಡ್ರೀ! ಭಾಷೆ ಬೇರೆ, ರಕ್ತ ಒಂದೇ! ನಮ್ಮಜ್ಜಿ ಆಚೆಯೋರು ಬಂದು ಹೋದ ಜಾಗಕ್ಕೆ ನೀರು ಚಿಮುಕಿಸ್ತಿದ್ರು ಗೊತ್ತಾ? ನಮ್ಮಜ್ಜಿಯ ಅಜ್ಜೀನೇ ಅಲ್ಲಿಂದ ಬಂದೋಳಿರಬೇಕು." ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅವರ ಭಾಷೆ ಮಾತ್ರ ಕೇಳೋಕಾಗಲ್ಲ ಬಿಡಿ. ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ."

ಅವನೂ ನಕ್ಕ. ಹಾಸ್ಟೆಲಿನ ಮಂಚದ ಮೇಲೆ ಕಲಿತ ನಗು, ಎಲ್ಲಿ ಬೇಕಾದರೂ ತಕ್ಷಣ ಬರುತ್ತಿತ್ತು. ಇಷ್ಟೇ ಆದರೆ ಚೆನ್ನಾಗಿತ್ತು. ಅವರ ಕಣ್ಣು ಕೈಬಿಟ್ಟವರ ಪಟ್ಟಿಗೆ ಇಳಿಯಿತು.

"ನಲವತ್ತು ಯಾಕೆ ಹೋಯ್ತು?"

"ಕೆಟ್ಟಿದೆ ಮೇಡಂ."

"ಮೂವತ್ತೊಂಬತ್ತಾದ್ರೆ ಹೇಗ್ರೀ? ನಲವತ್ತು ಅಂತ ಬರೆದುಕೊಟ್ಟಿದೀವಿ. ಅದಕ್ಕೇನು, ನಿಮ್ಮನೆ ಮುದುಕಿ ತಾನೇ? ಸಂಜೆ ಹೋಗಿ ಇನ್ನೊಂದ್ಸಲ ತಗೊಂಬನ್ನಿ. ಫಾರಂ ಕೂಡ ಹೊಸದಾಗಿ ತುಂಬಿ." ಹೊರಡುತ್ತಿದ್ದವರು ತಿರುಗಿ ಅವನ ಮುಖವನ್ನೇ ದಿಟ್ಟಿಸಿದರು. "ಅವತ್ತೇ ಹೇಳಬೇಕು ಅಂದ್ಕೊಂಡೆ. ಆಕೆ ಮೂಗು, ನಿಮ್ಮ ಮೂಗು, ಎರಡೂ ಒಂದೇ ಅಚ್ಚು. ಆಗ ಆಶ್ಚರ್ಯ ಆಗಿತ್ತು. ಈ ನಕ್ಷೆ ನೋಡಿದ್ಮೇಲೆ ಏನು ಆಶ್ಚರ್ಯ, ನಾವೆಲ್ಲ ಒಂದೇ ಅಲ್ವಾ?"

"ಹೌದು ಮೇಡಂ, ಒಂದೇ" ಎಂದ. ಅವರು ಹೋದ ಮೇಲೆ ಕೈ ಮೂಗಿನ ಮೇಲಿರುವುದು ಗೊತ್ತಾಯಿತು. ಕುಂಬಳಕಾಯಿ ಕಳ್ಳನಾದರೂ ಹೆಗಲನ್ನಷ್ಟೇ ಮುಟ್ಟಿ ನೋಡಿಕೊಂಡಿದ್ದ.

ಸಂಜೆ ಕಡ್ಡಿಯ ಪೊಟ್ಟಣವನ್ನೂ ಖಾಲಿ ಫಾರಮನ್ನೂ ಚೀಲದಲ್ಲಿಟ್ಟುಕೊಂಡು ನಡೆದೇ ಹೊರಟ. ಹೊಸ ಮಾದರಿ ಒಯ್ದರೆ ಯಂತ್ರ ಮತ್ತೆ ಅದೇ ಸಾಲು ಹೇಳುತ್ತದೆ, ಈ ಸಲ ನಿರ್ದೇಶಕಿಯ ಎದುರಿಗೇ ಹೇಳಿದರೂ ಹೇಳಿತು. ಇನ್ನೂ ಒಂದು ದಾರಿಯಿತ್ತು. ನಾಳೆ ಬೆಳಗ್ಗೆ ಹೋಗಿ, ಆಕೆ ನನ್ನ ತಾಯಿ ಎನ್ನುವುದು. ರಕ್ತ ಒಂದೇ ಎಂದು ಚಪ್ಪಾಳೆ ತಟ್ಟಿದವರು ಏನು ಅಂದಾರು? ಫಾರಂನಲ್ಲಿ ಸುಳ್ಳು ಬರೆದದ್ದಕ್ಕೆ ಬೈದಾರು, ಕೆಲಸದಿಂದ ತೆಗೆದರೂ ತೆಗೆದಾರು. ಅದನ್ನು ತಾಳಬಹುದು ಎನಿಸಿತು. ಆದರೆ ಬೈಯುವ ಮೊದಲು ಅವರು ಮೃತ, ವಯಸ್ಸು ಹನ್ನೊಂದು ಎಂದು ದುಂಡಗೆ ಬರೆದ ಕೈಯನ್ನು ಒಂದು ಗಳಿಗೆ ನೋಡುತ್ತಾರೆ. ಅದನ್ನು ತಾಳಲಾರ. ಮೆಟ್ಟಿಲ ಬುಡದಲ್ಲಿ ನಿಂತು ಒಂದು ತೀರ್ಮಾನಕ್ಕೆ ಬಂದ. ಮಕ್ಕಳು ಎಂದು ಕೇಳಿದಾಗ ಅಮ್ಮ ಒಬ್ಬ ಇದ್ದಾನೆ ಎಂದರೆ ಸಾಕು, ಹಾಗೆಯೇ ಬರೆಯುತ್ತೇನೆ, ಆದದ್ದಾಗಲಿ. ಹೀಗೆ ತನ್ನ ಹೊರೆಯನ್ನು ಮುರಿದ ಸೊಂಟದವಳ ತಲೆಗೆ ಸಾಗಹಾಕಿ ಹಗುರವಾಗಿ ಮೆಟ್ಟಿಲು ಹತ್ತಿದ.

ಅಮ್ಮ ಎದುರು ಮನೆಯಲ್ಲಿದ್ದಳು. ಇವನ ಬೀಗದ ಸದ್ದಿಗೆ ಅಲ್ಲಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಚೀಲ ಇಸಿದುಕೊಂಡಳು. ವಿಷಯ ಹೇಳಿದ. ಹೋದ ಸಲದ್ದಕ್ಕೆ ಏನಾಯಿತೆಂದು ಕೇಳಿದಳು. ಕೆಟ್ಟುಹೋಯಿತು ಎಂದ. "ವರ್ಷಗಟ್ಲೆ ಕೆಡಲ್ಲ ಅಂತ ಆ ಅಮ್ಮಾವ್ರು ಹೇಳಿದ್ರು" ಎಂದಷ್ಟೇ ಅಂದು ಬಾಗಿಲು ಮುಂದೆ ಮಾಡಿ ಬಂದು ನೆಲದ ಮೇಲೆ ಕೂತಳು. ಕುರ್ಚಿಯ ಮೇಲೆ ಕೂರು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಹಳೆಯ ಫಾರಂ ಅವನಿಗೆ ಬಾಯಿಪಾಠ ಬರುತ್ತಿತ್ತು. ಆದರೂ ಒಂದೊಂದಾಗಿ ಕೇಳಿದ, ಆಕೆ ಒಂದೊಂದಾಗಿ ಹೇಳಿದಳು, ನಾಲ್ವರು ಅಜ್ಜ ಅಜ್ಜಿಯರೂ ಮತ್ತೊಮ್ಮೆ ಬಂದು ಕೂತರು. ಕೊನೆಗೆ ಆ ಜಾಗ ಬಂತು.

"ಮಕ್ಕಳು?"

ಅಮ್ಮ ಅವನ ಕೈಯ ಪೆನ್ನನ್ನು ನೋಡಿದಳು. "ಹೋದ್ಸಲ ಬರ್ಕೊಂಡ್ರಲ್ಲ, ಅದನ್ನೇ ಬರ್ಕೊಳಿ. ನಿಮ್ಮ ಕೈಯಲ್ಲೇ ಬರೆದದ್ದು, ತಪ್ಪಿರಲ್ಲ."

ಬರೆದ. ಹೋದ ಸಲಕ್ಕಿಂತ ಸ್ವಲ್ಪ ಸಣ್ಣ ಅಕ್ಷರದಲ್ಲಿ. ಪೊಟ್ಟಣ ಹರಿದು ಕಡ್ಡಿ ತೆಗೆದ. ಆಕೆ ಕಣ್ಣು ಮುಚ್ಚಿ ಬಾಯಿ ತೆರೆದಳು. ಕೆಳಗಿನ ಸಾಲಿನಲ್ಲಿ ನಾಲ್ಕೇ ಹಲ್ಲು. ಅವನಿಗೆ ಹಲ್ಲು ಬರುವ ಮೊದಲು ಗಟ್ಟಿಯಾದದ್ದನ್ನೆಲ್ಲ ತಾನು ಅಗಿದು ಮೆತ್ತಗೆ ಮಾಡಿ ಅವನ ಬಾಯಿಗಿಟ್ಟ ಬಾಯಿ. ಎಂಜಲನ್ನು ಸೀಸೆಯಲ್ಲಿ ತುಂಬಿ ಯಂತ್ರಕ್ಕೆ ಕೊಡದಿದ್ದರೂ ಯಾರು ಯಾರ ಮಗನೆಂದು ತಿಳಿದಿದ್ದ ಕಾಲ. ಕಡ್ಡಿ ತುಟಿಯವರೆಗೆ ಹೋಯಿತು. ಅಲ್ಲೇ ಗಾಳಿಯಲ್ಲಿ ನಾಲ್ಕು ಸಲ ಸುತ್ತಿಸಿದ. ಒಣ ಹತ್ತಿಯನ್ನು ಹಾಗೆಯೇ ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದ. ನಾಳೆ ಯಂತ್ರ ಓದುತ್ತದೆ, ಯಾರೂ ಇಲ್ಲ ಎನ್ನುತ್ತದೆ. ಎರಡು ಸಲ ಕೆಟ್ಟರೆ ಮೂರನೆಯ ಸಲ ಯಾರೂ ಕೇಳುವುದಿಲ್ಲ.

"ಆಯ್ತು" ಎಂದ.

ಆಕೆ ಇನ್ನೂ ಸ್ವಲ್ಪ ಹೊತ್ತು ಬಾಯಿ ತೆರೆದೇ ಇದ್ದಳು. ಆಮೇಲೆ ಕಣ್ಣು ಬಿಟ್ಟಳು. "ತಾಗ್ಲೇ ಇಲ್ವಲ್ಲ ಯಜಮಾನ್ರೇ."

"ತಾಗಿತು."

"ಹಂಗಾದ್ರೆ ಸರಿ" ಎಂದು, ಗೋಡೆ ಹಿಡಿದು ಏಳತೊಡಗಿದಳು. ಒಂದು ಸಲಕ್ಕೆ ಏಳಲಾಗಲಿಲ್ಲ. ಎರಡನೆಯ ಸಲ ಮೊಣಕಾಲ ಮೇಲೆ ಕೈಯೂರಿ, ಹಲ್ಲು ಕಚ್ಚಿ, ಅರ್ಧಕ್ಕೆ ಬಂದಳು. ಅವನು, ಮೂವತ್ತೈದು ವರ್ಷ ಗಟ್ಟಿಯಾಗಿ ಆಡದ ಭಾಷೆಯಲ್ಲಿ, ಹನ್ನೊಂದರ ಹುಡುಗನ ದನಿಯಲ್ಲಿ, ಅವಳನ್ನು ಅಮ್ಮಾ ಎಂದು ಜೋರಾಗಿ ಕರೆದುಬಿಟ್ಟ.

ಆಕೆ ಅರ್ಧ ಬಗ್ಗಿದವಳು ಹಾಗೇ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವೂ ಇರಲಿಲ್ಲ. ಆರು ವಾರದ ಮೇಲೆ ಮೊದಲ ಸಲ ತನ್ನ ಭಾಷೆಯಲ್ಲೇ ಮಾತಾಡಿದಳು.

"ಮೆಲ್ಲಗೆ. ಯಾರಾದ್ರೂ ಕೇಳಿಸ್ಕೊಂಡಾರು."

ಅವನು ಹಿಂದಿರುಗಿ ಬಾಗಿಲು ನೋಡಿದ. ಬಾಗಿಲು ಮುಚ್ಚಿಯೇ ಇತ್ತು.